ಇದ್ದಲು ತಿಂದು ಘಟ್ಟ ಏರಿದ ಬಸ್ಸು

ನಮ್ಮ ಅಜ್ಜನ ಮನೆಯಲ್ಲಿ ಅಟ್ಟದ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಒಂದು ಕಬ್ಬಿಣದ ಹಿಡಿಕೆಯನ್ನು ಅಡ್ಡ ಇಡುತ್ತಿದ್ದರು. ಮೊಳದುದ್ದದ ಸರಳು, ಎರಡು ಕಡೆ ಬಾಗಿದ್ದು, ಒಂದು ತುದಿಗೆ ಮರದ ಹಿಡಿ. ಮಕ್ಕಳಾಗಿದ್ದಾಗ ನಾವು ಅದನ್ನು ಗಿರಗಿರನೆ ತಿರುಗಿಸಿ ಬಸ್ಸು ಬಿಡುವ ಆಟ ಆಡುತ್ತಿದ್ದೆವು. ಅಜ್ಜ ಜಗಲಿಯಲ್ಲಿ ಕುಳಿತು ನೋಡುತ್ತಿದ್ದವರು ಒಮ್ಮೊಮ್ಮೆ, “ಹಾಗಲ್ಲ ಮಗಾ, ಮೊದಲು ಮೆಲ್ಲಗೆ, ಆಮೇಲೆ ಜೋರು” ಎನ್ನುತ್ತಿದ್ದರು. ನಾವು ಆಡುತ್ತಿದ್ದುದು ಆಟವಲ್ಲ, ಅಜ್ಜನ ಹದಿನೇಳನೆಯ ವಯಸ್ಸಿನ ಉದ್ಯೋಗ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಈ ಹಿಡಿಕೆಯ ನೆನಪು ಮತ್ತೆ ಬಂದದ್ದು ತರಗತಿಯಲ್ಲಿ. ಸಮಾಸಪ್ರಕರಣ ನಡೆಯುತ್ತಿತ್ತು. ಸಮಾಸದ ಹೊತ್ತಿನಲ್ಲಿ ವಿದ್ಯಾರ್ಥಿಗಳಿಗೆ ಪ್ರಪಂಚದ ಉಳಿದೆಲ್ಲ ವಿಷಯಗಳಲ್ಲಿಯೂ ಆಸಕ್ತಿ ಹುಟ್ಟುವುದು ಸಹಜ. ಕಾಫಿ ಬೆಳೆಗಾರರ ಮನೆಯ ಹುಡುಗನೊಬ್ಬ ಎದ್ದು, “ಸಾರ್, ಕಾಫಿ ಹುರಿಯುವಾಗ ಉದುರುತ್ತಲ್ಲ ಹೊಟ್ಟು, ಅದರಿಂದ ಕಾರು ಮಾಡ್ತಾರಂತೆ. ಓದಿದೆ” ಎಂದ. ಅವನು ಓದಿದ್ದು ಸುಳ್ಳಲ್ಲ. ಬೀಜ ಹುರಿದಾಗ ಕಳಚಿಕೊಳ್ಳುವ ತೆಳುಪೊರೆಯನ್ನು ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ, ಕಾರಿನ ಮುಂದೀಪದ ಗೂಡನ್ನು ತಯಾರಿಸುವುದಾಗಿ ಅಮೆರಿಕದ ಫೋರ್ಡ್ ಕಂಪನಿ 2019ರಲ್ಲಿ ಪ್ರಕಟಿಸಿತು. ಹೊಟ್ಟು ಮೆಕ್‌ಡೊನಾಲ್ಡ್ಸ್ ಹೋಟೆಲುಗಳಿಗೆ ಹುರಿದ ಕಾಫಿಯದು. “ಇಂಥದ್ದು ಹಿಂದೆ ಎಲ್ಲಾದರೂ ಇತ್ತೇ ಸಾರ್?” ಎಂದು ಹುಡುಗ ಕೇಳಿದ. “ಇತ್ತು. ಇದೇ ಮಡಿಕೇರಿಗೆ ದಿನಾ ಬಂದು ಹೋಗುತ್ತಿತ್ತು” ಎಂದೆ. ತರಗತಿ ನಕ್ಕಿತು. ನಕ್ಕವರಿಗಾಗಿ ಈ ಬರಹ.

ಕೊಡಗಿಗೆ ರೈಲು ಬಂದಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನಿಂದ ಇಂಗ್ಲಿಷರ ಕೈಗೆ ಹೋದ ಈ ನಾಡಿನಲ್ಲಿ 1854ರಿಂದ ಐರೋಪ್ಯರ ಕಾಫಿ ತೋಟಗಳು ಎದ್ದವು. ತೋಟವೆದ್ದ ಮೇಲೆ ದಾರಿ ಬೇಕಾಯಿತು. ದಾರಿಯಾದ ಮೇಲೆ ಗಾಡಿ. ಪೆರುಂಬಾಡಿಯ ಘಟ್ಟ ಇಳಿದು ತಲಚೇರಿಗೆ, ಸಂಪಾಜೆಯ ಘಟ್ಟ ಇಳಿದು ಮಂಗಳೂರಿಗೆ, ಇತ್ತ ಪಿರಿಯಾಪಟ್ಟಣದ ಮೇಲೆ ಹುಣಸೂರಿಗೆ ಕಾಫಿಯ ಮೂಟೆಗಳು ಎತ್ತಿನ ಗಾಡಿಯಲ್ಲಿಯೇ ಹೋದವು. ಆ ಗಾಡಿಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಚಕ್ರಕ್ಕೆ ಕಟ್ಟಿದ ಕಬ್ಬಿಣದ ಪಟ್ಟಿ, ನಾಲ್ಕಾರು ಮೊಳೆ, ಒಂದು ಕಡಾಣಿ ಬಿಟ್ಟರೆ ಉಳಿದದ್ದೆಲ್ಲ ಗಿಡಮರ. ಅಚ್ಚಿಗೆ ದಿಂಡಿಗ, ಈ ಮರಕ್ಕೆ ಇಂಗ್ಲಿಷಿನಲ್ಲಿ ‘ಅಚ್ಚಿನ ಮರ’ ಎಂಬರ್ಥದ ಹೆಸರೇ ಬಿದ್ದಿದೆ. ಉಳಿದ ಭಾಗಗಳಿಗೆ ಹೊನ್ನೆ, ಮತ್ತಿ, ತೇಗ, ಕೈಗೆ ಸಿಕ್ಕಿದ ಗಟ್ಟಿಮರ. ಮೇಲಿನ ಕಮಾನಿಗೆ ಬಿದಿರ ತಟ್ಟಿ. ಚಕ್ರ ಕಿರುಗುಟ್ಟದಂತೆ ಹಾಕುವ ಕೀಲೆಣ್ಣೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿ ಕಲೆಸಿದ್ದು. ಇನ್ನು ಇಂಧನ: ಬತ್ತ ಬಡಿದ ಮೇಲೆ ಉಳಿದ ಹುಲ್ಲು, ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿ, ಅಕ್ಕಿ ಮಾಡಿದ ಮೇಲೆ ಉಳಿದ ತೌಡು. ಮನುಷ್ಯ ಉಂಡು ಬಿಟ್ಟದ್ದನ್ನು ತಿಂದು ಓಡುವ ಮರದ ವಾಹನ! ಇದನ್ನು ಕಂಡುಹಿಡಿದವನಿಗೆ ಯಾರೂ ಪದಕ ಕೊಡಲಿಲ್ಲ.

ಗಾಡಿಯೊಂದೇ ಅಲ್ಲ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಕೊಂಬೆಯಿಲ್ಲದೆ ನೆಟ್ಟಗೆ ಮೇಲೇರುವ ಪೂನೆ ಮರಗಳು ಹಡಗಿನ ಹಾಯಿಕಂಬಕ್ಕೆಂದು ಕೊಡಗಿನಿಂದ ಕರಾವಳಿಗೆ ಹೋಗುತ್ತಿದ್ದವು. ಸಮುದ್ರವನ್ನೇ ಕಾಣದ ನಾಡಿನ ಮರ ಸಮುದ್ರ ದಾಟಿತು. ಇರಲಿ, ಹಡಗಿನ ಕಥೆ ಬೇರೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಘಟ್ಟದ ಮೇಲೂ ಕೆಳಗೂ ಮೋಟಾರು ಬಸ್ಸುಗಳು ಬಂದವು. ಮಂಗಳೂರಿನಲ್ಲಿ 1914ರಲ್ಲಿಯೇ ವಿ. ಎಸ್. ಕುಡ್ವರು ಸಿ.ಪಿ.ಸಿ. ಎಂದು ಮನೆಮಾತಾದ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿಯನ್ನು ಹುಟ್ಟಿಸಿದರು. ಬಸ್ಸು ಎಂದರೆ ಇಂದಿನಂತೆ ಕಾರ್ಖಾನೆಯಿಂದ ಇಡಿಯಾಗಿ ಬರುವ ಪದಾರ್ಥವಲ್ಲ. ಎಂಜಿನ್ನೂ ಚಾಸಿಯೂ ಹಡಗಿನಲ್ಲಿ ಪರದೇಶದಿಂದ ಬರುತ್ತಿದ್ದವು. ಮೈಕಟ್ಟು ನಮ್ಮವರದು: ಬಡಗಿಗಳು ತೇಗದ ಚೌಕಟ್ಟು ನಿಲ್ಲಿಸಿ, ಹಲಗೆ ಜಡಿದು, ಮೇಲೆ ತಗಡು ಹೊಡೆದು, ಉದ್ದಕ್ಕೆ ಮರದ ಬೆಂಚು ಹಾಕಿದರೆ ಬಸ್ಸು ಸಿದ್ಧ. ಹೀಗೆ ಮೈ ಮರದ್ದಾಗಿಯೇ ಉಳಿಯಿತು. ಹೊಟ್ಟೆಗೆ ಮಾತ್ರ ಪೆಟ್ರೋಲು.

ಆ ಪೆಟ್ರೋಲಿನಲ್ಲಿ ದೊಡ್ಡ ಪಾಲು ಬರ್ಮದಿಂದ ಬರುತ್ತಿತ್ತು. ಎರಡನೆಯ ಮಹಾಯುದ್ಧ ಬಂತು. 1941ರಲ್ಲಿ ಪೆಟ್ರೋಲಿಗೆ ರೇಷನ್ ಆಯಿತು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಏಪ್ರಿಲಿನಲ್ಲಿ ಯೆನಾಂಗ್‌ಯಾಂಗಿನ ಎಣ್ಣೆಬಾವಿಗಳನ್ನು ಶತ್ರುವಿಗೆ ಸಿಕ್ಕಬಾರದೆಂದು ಇಂಗ್ಲಿಷರೇ ನಾಶಮಾಡಿ ಹಿಮ್ಮೆಟ್ಟಿದರು. ಇರಾವತಿಯ ದಂಡೆಯಲ್ಲಿ ಎದ್ದ ಆ ಹೊಗೆ ಕೆಲವು ತಿಂಗಳಲ್ಲಿ ಇನ್ನೊಂದು ರೂಪದಲ್ಲಿ ನಮ್ಮ ರಸ್ತೆಗಳ ಮೇಲೆ ಕಾಣಿಸಿತು. ಬಸ್ಸುಗಳ ಬೆನ್ನಿಗೆ ನೀರುಹಂಡೆಗಿಂತ ಎತ್ತರವಾದ ಕಬ್ಬಿಣದ ಪೀಪಾಯಿಗಳು ಬಂದವು. ಜನ ಅದನ್ನು ‘ಗ್ಯಾಸ್ ಬಸ್ಸು’ ಎಂದರು, ‘ಇದ್ದಲು ಬಸ್ಸು’ ಎಂದರು. ಘಟ್ಟದ ಕೆಳಗೆ ಇದ್ದಲಿಗೆ ‘ಮಸಿ’ ಎನ್ನುತ್ತಾರೆ. ಆದ್ದರಿಂದ ನಮ್ಮ ಅಜ್ಜನ ಬಾಯಲ್ಲಿ ಅದು ‘ಮಸಿ ಬಸ್ಸು’. ಪ್ರಯಾಣಿಕರ ಪಂಚೆಗಳನ್ನು ನೋಡಿದವರಿಗೆ ಈ ಹೆಸರೇ ಹೆಚ್ಚು ಸರಿ ಎನಿಸಿದ್ದರೆ ಆಶ್ಚರ್ಯವಿಲ್ಲ.

ತತ್ತ್ವ ಸರಳವಾದದ್ದು. ಕೆಂಡದ ಆಳವಾದ ರಾಶಿಗೆ ಬೇಕಾದುದಕ್ಕಿಂತ ಕಡಿಮೆ ಗಾಳಿ ಕೊಟ್ಟರೆ ಅದು ಪೂರ್ತಿ ಉರಿಯುವುದಿಲ್ಲ. ಉರಿಯಬಲ್ಲ ಅನಿಲವೊಂದನ್ನು ಬಿಡುತ್ತದೆ. ಅದೇ ಕಾರ್ಬನ್ ಮೊನಾಕ್ಸೈಡು. ಪೀಪಾಯಿಯಿಂದ ಹೊರಡುವ ಗಾಳಿಯಲ್ಲಿ ಇದು ಸುಮಾರು ಕಾಲು ಭಾಗಕ್ಕಿಂತ ತುಸು ಹೆಚ್ಚು. ಅರ್ಧಕ್ಕೂ ಮೀರಿ ಇರುವುದು ಯಾವ ಕೆಲಸಕ್ಕೂ ಬಾರದ ಸಾರಜನಕ. ಈ ಬಿಸಿ ಗಾಳಿಯನ್ನು ಕೊಳವೆಗಳಲ್ಲಿ ತಣಿಸಿ, ಬೂದಿ ಕಣಗಳನ್ನು ಶೋಧಿಸಿ ಎಂಜಿನ್ನಿಗೆ ಕೊಟ್ಟರೆ, ಪೆಟ್ರೋಲಿನಿಂದ ಸಿಕ್ಕುತ್ತಿದ್ದ ಶಕ್ತಿಯ ಅರವತ್ತು ಎಪ್ಪತ್ತು ಪಾಲು ದೊರೆಯುತ್ತದೆ. ಯುದ್ಧಕಾಲದಲ್ಲಿ ಇದು ನಮ್ಮ ಪಾಡು ಮಾತ್ರವಾಗಿರಲಿಲ್ಲ. ಫ್ರಾನ್ಸಿನ ಜಾರ್ಜ್ ಇಂಬೆರ್ ಎಂಬಾತ 1920ರ ದಶಕದಲ್ಲಿಯೇ ಸೌದೆಯಿಂದ ನಡೆಯುವ ಯಂತ್ರವನ್ನು ರೂಪಿಸಿದ್ದ. ಜರ್ಮನಿಯಲ್ಲಿ ಲಕ್ಷಗಟ್ಟಲೆ, ಸ್ವೀಡನ್ನಿನಲ್ಲಿ ಹತ್ತಾರು ಸಾವಿರ ವಾಹನಗಳು ಸೌದೆ ಇದ್ದಲುಗಳ ಮೇಲೆ ಓಡಿದವು.

ಆದರೆ ಸ್ವೀಡನ್ನಿನ ಸಪಾಟು ರಸ್ತೆ ಬೇರೆ, ಸಂಪಾಜೆಯ ಘಟ್ಟ ಬೇರೆ. ಸಂಪಾಜೆಯಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರಿನೊಳಗೆ ದಾರಿ ಸುಮಾರು 1000 ಮೀಟರು ಏರುತ್ತದೆ. ಕೊಯನಾಡು, ದೇವರಕೊಲ್ಲಿ, ಜೋಡುಪಾಲ, ಮದೆನಾಡು ಎಂದು ಇಂದಿನ ಬಸ್ಸು ಒಂದು ಗಂಟೆಯಲ್ಲಿ ದಾಟುವ ಊರುಗಳನ್ನು ಮಸಿ ಬಸ್ಸು ಒಂದೊಂದಾಗಿ ಗೆಲ್ಲಬೇಕಾಗಿತ್ತು. ಅಜ್ಜ ಹೇಳುತ್ತಿದ್ದ ಕ್ರಮವಿದು. ಬೆಳಗಿನ ಜಾವ ಎದ್ದು ಪೀಪಾಯಿಯ ಬುಡದ ಬೂದಿ ಕೆದಕಿ ತೆಗೆಯಬೇಕು. ಹೊಸ ಇದ್ದಲನ್ನು ಜರಡಿ ಹಿಡಿದು ತುಂಬಬೇಕು. ಪುಡಿ ಇದ್ದರೆ ಗಾಳಿ ಕಟ್ಟುತ್ತದೆ, ದೊಡ್ಡದಿದ್ದರೆ ಕೆಂಡ ಕೂರುವುದಿಲ್ಲ. ಎಣ್ಣೆಬಟ್ಟೆಯಿಂದ ಬೆಂಕಿ ಕೊಟ್ಟು, ಬ್ಲೋವರಿಗೆ ಆ ಹಿಡಿಕೆಯನ್ನು ಸಿಕ್ಕಿಸಿ ಕಾಲು ಗಂಟೆ ತಿರುಗಿಸಬೇಕು, ಮೊದಲು ಮೆಲ್ಲಗೆ, ಆಮೇಲೆ ಜೋರು. ಕೊಳವೆಯ ಬಾಯಿಗೆ ಕೊಳ್ಳಿ ಹಿಡಿದರೆ ನೀಲಿ ಜ್ವಾಲೆ ನಿಂತಿತೋ, ಗ್ಯಾಸು ಪಕ್ವವಾಯಿತು. ಆಗ ರೇಷನ್ನಿನ ತೊಟ್ಟು ಪೆಟ್ರೋಲಿನಲ್ಲಿ ಎಂಜಿನ್ನು ಎಬ್ಬಿಸಿ, ಡ್ರೈವರು ಮೆಲ್ಲಗೆ ಗ್ಯಾಸಿಗೆ ತಿರುಗಿಸುವನು.

ಏರಿನಲ್ಲಿ ಬಸ್ಸು ಏದುಸಿರು ಬಿಡತೊಡಗಿದರೆ ಗಂಡಸರೆಲ್ಲ ಇಳಿಯುವುದು ವಾಡಿಕೆ. ಬಸ್ಸಿನ ಜೊತೆ ನಡೆಯುವುದಕ್ಕೂ ಟಿಕೆಟ್ಟು ಕೊಂಡಿರಬೇಕು ಎಂಬುದೊಂದೇ ವ್ಯತ್ಯಾಸ. ಇನ್ನೂ ಕಡಿದಾದಲ್ಲಿ ನೂಕಬೇಕು. ಇದ್ದಲಿಗೆ ನೀರು ತಾಗಿದರೆ ಕೆಲಸ ಕೆಟ್ಟಿತು. ಮಡಿಕೇರಿಯಲ್ಲಿಯೋ ವರ್ಷಕ್ಕೆ ನೂರು ಇಂಚು ಮೀರಿದ ಮಳೆ. ಆದ್ದರಿಂದ ಆಷಾಢದಲ್ಲಿ ಇದ್ದಲ ಮೂಟೆಗಳಿಗೆ ಬಸ್ಸಿನೊಳಗೆ ಜಾಗ, ತಡವಾಗಿ ಬಂದ ಪ್ರಯಾಣಿಕರಿಗೆ ಮಾಡಿನ ಮೇಲೆ. ಮದುವೆಗೆ ಹೊರಟ ದಿಬ್ಬಣವೊಂದು ಬಿಳಿ ಪಂಚೆಯಲ್ಲಿ ಹತ್ತಿ, ಮಡಿಕೇರಿಯಲ್ಲಿ ಇಳಿದಾಗ ಮದುಮಗ ಯಾರೆಂದು ಬಾಸಿಂಗ ನೋಡಿ ಗುರುತಿಸಬೇಕಾಯಿತೆಂದು ಅಜ್ಜ ಹೇಳುತ್ತಿದ್ದರು. ಇದರಲ್ಲಿ ಅಜ್ಜನ ಕೈವಾಡ ಎಷ್ಟೋ ಇರಬಹುದು.

ಒಂದು ಸಂಗತಿಯನ್ನು ಮಾತ್ರ ಅವರು ನಗುತ್ತ ಹೇಳಲಿಲ್ಲ. ಪೀಪಾಯಿಯ ಕೆಂಡವನ್ನು ರಾತ್ರಿ ಪೂರ್ತಿ ಆರಿಸಿದರೆ ಬೆಳಿಗ್ಗೆ ಮತ್ತೆ ಅಷ್ಟು ಹೊತ್ತು ತಿರುಗಿಸಬೇಕಲ್ಲ. ಹುಡುಗರು ಬೂದಿ ಮುಚ್ಚಿ ಕೆಂಡವನ್ನು ಉಳಿಸಿಕೊಳ್ಳುತ್ತಿದ್ದರು. ಮಳೆಗಾಲದ ಒಂದು ರಾತ್ರಿ, ಚಳಿ ತಾಳಲಾರದೆ, ಅಜ್ಜನೂ ಇನ್ನೊಬ್ಬ ಕ್ಲೀನರ್ ಹುಡುಗನೂ ಬಸ್ಸು ನಿಲ್ಲಿಸುವ ಷೆಡ್ಡಿನ ಬಾಗಿಲು ಹಾಕಿಕೊಂಡು ಪೀಪಾಯಿಯ ಮಗ್ಗುಲಲ್ಲಿ ಗೋಣಿತಾಟು ಹೊದ್ದು ಮಲಗಿದರು. ಅಜ್ಜ ಬಾಗಿಲ ಸಂದಿಯ ಕಡೆ. ಜೊತೆಗಾರ ಬೆಚ್ಚಗಿನ ಕಡೆ. ಬೆಳಿಗ್ಗೆ ಅಜ್ಜನನ್ನು ಎಳೆದು ಹೊರಗೆ ಹಾಕಿದಾಗ ವಾಂತಿ ಮಾಡಿ ಕಣ್ಣು ಬಿಟ್ಟರು. ಇನ್ನೊಬ್ಬ ಕಣ್ಣು ಬಿಡಲಿಲ್ಲ. ಎಂಜಿನ್ನನ್ನು ಓಡಿಸುವ ಅನಿಲವೂ ಮನುಷ್ಯನನ್ನು ಕೊಲ್ಲುವ ಅನಿಲವೂ ಒಂದೇ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಖ ಕೆಂಪಗೆ, ನಿದ್ದೆ ಬಂದವನ ಹಾಗೆ ಇತ್ತು ಎನ್ನುತ್ತಿದ್ದರು ಅಜ್ಜ. ಮಾಲೀಕರು ಅವನ ತಾಯಿಗೆ ಆ ತಿಂಗಳ ಸಂಬಳ ಕಳಿಸಿದರಂತೆ. ಆ ಹುಡುಗನ ಹೆಸರನ್ನು ಅಜ್ಜ ಎಂದೂ ಎತ್ತಲಿಲ್ಲ, ‘ನನ್ನ ಜೊತೆಗಾರ’ ಎಂದಷ್ಟೇ ಹೇಳುತ್ತಿದ್ದರು.

ಇಂದು ‘ಹಸಿರು ಇಂಧನ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಷೆಡ್ಡು ನೆನಪಾಗುತ್ತದೆ. ಇನ್ನೊಂದು ಲೆಕ್ಕವೂ ನೆನಪಾಗುತ್ತದೆ. ಒಂದು ಗ್ಯಾಲನ್ ಪೆಟ್ರೋಲಿನ ಕೆಲಸಕ್ಕೆ ಸುಮಾರು ಹತ್ತು ಕಿಲೋ ಇದ್ದಲು ಬೇಕು. ಬಸ್ಸಿಗೆ ಗ್ಯಾಲನ್ನಿಗೆ ಹತ್ತು ಮೈಲಿಯ ಓಟ ಎಂದಿಟ್ಟುಕೊಂಡರೆ ಮೈಲಿಗೆ ಒಂದು ಕಿಲೋ. ಮೈಸೂರಿನಿಂದ ಮಡಿಕೇರಿಗೆ 75 ಮೈಲಿ, 75 ಕಿಲೋ. ಮಣ್ಣು ಮುಚ್ಚಿ ಸುಡುವ ಹಳೆಯ ಗೂಡಿನಲ್ಲಿ ಐದಾರು ಕಿಲೋ ಸೌದೆಗೆ ಒಂದು ಕಿಲೋ ಇದ್ದಲು ದಕ್ಕುತ್ತದೆ. ಒಂದು ಬಸ್ಸು ಒಂದು ದಿಕ್ಕಿಗೆ ಹೋಗಲು ನಾಲ್ಕು ಕ್ವಿಂಟಲ್ ಮರ! ಹೋಗಿ ಬರಲು ಎಂಟು. ಕೊಡಗಿನಂಥ ಕಾಡಿನ ನಾಡಾದ್ದರಿಂದ ಇದ್ದಲಿಗೆ ಬರವಿಲ್ಲವೆಂದು ಅಂದಿನವರು ಹೆಮ್ಮೆಪಟ್ಟರು. ಇದ್ದಲು ಮರದ ಕಸವಲ್ಲ, ಮರವೇ. ಯುದ್ಧ ಮೂರು ವರ್ಷಕ್ಕೆ ಮುಗಿದದ್ದು ಮನುಷ್ಯರಿಗಿಂತ ಮತ್ತಿಮರಗಳಿಗೆ ಹೆಚ್ಚು ಉಪಕಾರವಾಯಿತೋ ಏನೋ.

ಇದಕ್ಕೆ ಪ್ರತಿಯಾಗಿ ನಿಲ್ಲಿಸಬೇಕಾದದ್ದು ಮಂಡ್ಯ. ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರ ದುಡಿಮೆ ಅದರ ಹಿಂದಿತ್ತು. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ, ಇನ್ನು ಎಷ್ಟು ಕುದಿಸಿದರೂ ಹರಳುಗಟ್ಟದ ಕರಿಯ ಅಂಟು ಉಳಿಯುತ್ತದೆ, ಅದೇ ಕಾಕಂಬಿ. ನೂರು ಟನ್ ಕಬ್ಬಿಗೆ ನಾಲ್ಕು ಟನ್ನಿನಷ್ಟು. ಹೊಳೆಗೆ ಬಿಟ್ಟರೆ ಮೀನು ಸಾಯುತ್ತದೆ, ನೆಲಕ್ಕೆ ಸುರಿದರೆ ಊರು ನಾರುತ್ತದೆ. ಹುಳಿ ಬರಿಸಿ ಭಟ್ಟಿಯಿಳಿಸಿದರೆ ಟನ್ನಿಗೆ ಇನ್ನೂರು ಲೀಟರಿಗೂ ಮೀರಿ ಮದ್ಯಸಾರ. ಇದನ್ನು ನಿರ್ಜಲಗೊಳಿಸಿದ ‘ಪವರ್ ಆಲ್ಕೊಹಾಲ್’ ಯುದ್ಧಕಾಲದ ಮೈಸೂರು ಸಂಸ್ಥಾನದಲ್ಲಿ ಪೆಟ್ರೋಲಿನೊಂದಿಗೆ ಬೆರೆಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕೇಂದ್ರವೇ ಪವರ್ ಆಲ್ಕೊಹಾಲ್ ಕಾಯಿದೆಯೊಂದನ್ನು ಮಾಡಿತು. ಕಾಯಿದೆ ಐವತ್ತು ವರ್ಷಕ್ಕೂ ಮೇಲೆ ಪುಸ್ತಕದಲ್ಲಿ ಮಲಗಿದ್ದು 2000ದಲ್ಲಿ ರದ್ದಾಯಿತು. ಮರವನ್ನು ಕಡಿದು ಇದ್ದಲು ಮಾಡಿದ್ದಕ್ಕೂ ಚೆಲ್ಲುವ ಕಾಕಂಬಿಯನ್ನು ಬಳಸಿದ್ದಕ್ಕೂ ಅಜಗಜಾಂತರವಿದೆ. ಎರಡಕ್ಕೂ ‘ಸಸ್ಯಮೂಲದ ಇಂಧನ’ ಎಂದು ಒಂದೇ ಹೆಸರಿಟ್ಟಿರುವುದು ಪರಿಭಾಷೆಯ ಬಡತನ.

ಇದೇ ಹೊತ್ತಿನಲ್ಲಿ ಸಮುದ್ರದಾಚೆ ನಡೆದದ್ದನ್ನು ಹೇಳಿದರೆ ಓದುಗರಿಗೆ ನಗು ಬರಬಹುದು. 1941ರ ಆಗಸ್ಟ್ 13ರಂದು, ಅಮೆರಿಕದ ಡಿಯರ್‌ಬಾರ್ನ್ ಊರಿನಲ್ಲಿ ಹೆನ್ರಿ ಫೋರ್ಡ್ ಒಂದು ಕಾರನ್ನು ಜನರೆದುರು ನಿಲ್ಲಿಸಿದ. ಕೊಳವೆಗಳ ಉಕ್ಕಿನ ಚೌಕಟ್ಟಿನ ಮೇಲೆ ಸೋಯಾ ಅವರೆ ಮೊದಲಾದ ಬೆಳೆಗಳಿಂದ ಮಾಡಿದ ಹಲಗೆಗಳ ಮೈ. ಉಕ್ಕಿನ ಕಾರಿಗಿಂತ ಸುಮಾರು ಸಾವಿರ ಪೌಂಡು ಹಗುರ. ಹೊಲದಲ್ಲಿ ಬೆಳೆದ ಕಾರು ಎಂದು ಪತ್ರಿಕೆಗಳು ಕೊಂಡಾಡಿದವು. ವರ್ಷ ತಿರುಗುವುದರೊಳಗೆ ಅಮೆರಿಕವೂ ಯುದ್ಧಕ್ಕಿಳಿಯಿತು. ಆ ಕಾರು ಒಂದೇ ಆಗಿ ಮುಗಿಯಿತು. ಅಲ್ಲಿ ಅದು ಪ್ರದರ್ಶನದ ವಸ್ತು. ಇಲ್ಲಿ ತೇಗದ ಮೈಯ ಇದ್ದಲು ಬಸ್ಸು ಹೊಟ್ಟೆಪಾಡು. ಆದ್ದರಿಂದ ಅದರ ಚಿತ್ರ ಪುಸ್ತಕಗಳಲ್ಲಿದೆ, ಇದರದು ಹಿರಿಯರ ಕೆಮ್ಮಿನಲ್ಲಿತ್ತು. ಇನ್ನೂ ಹಿಂದೆ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ, ಡೀಸೆಲನ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು.

ಯುದ್ಧ ಮುಗಿದು ಪೆಟ್ರೋಲು ಸಲೀಸಾದ ಮೇಲೆ ಪೀಪಾಯಿಗಳನ್ನು ಗುಜರಿಗೆ ಹಾಕಿದರು. 1948ರಲ್ಲಿ ಮೈಸೂರು ಸರ್ಕಾರ ತಾನೇ ಬಸ್ಸು ಓಡಿಸತೊಡಗಿತು. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಸೇರಿತು. ಡೀಸೆಲ್ ಬಸ್ಸುಗಳು ಘಟ್ಟಗಳನ್ನು ಲೀಲಾಜಾಲವಾಗಿ ಹತ್ತಿದವು. ಹಳೆಯ ತತ್ತ್ವ ಸಾಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಸೌದೆಯ ಗ್ಯಾಸಿನಿಂದ ದೀಪ ಹಚ್ಚಿದರು. 2010ರಲ್ಲಿ ಇಂಗ್ಲೆಂಡಿನ ಒಂದು ವಿಜ್ಞಾನ ಕಾರ್ಯಕ್ರಮಕ್ಕಾಗಿ ಹಳೆಯ ಫೋಕ್ಸ್‌ವ್ಯಾಗನ್ ಕಾರನ್ನು ಕಾಫಿ ಚರಟದ ಮೇಲೆ 200 ಮೈಲಿಗೂ ಮೀರಿ ಓಡಿಸಿದರು. ಯಂತ್ರ ಯಾವುದು? ಅದೇ ಅಜ್ಜನ ಪೀಪಾಯಿ! ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಚರಟ ತುಂಬಿ ಶೋಧಕ ತೊಳೆಯಬೇಕಾಯಿತೆಂದು ಓದಿದಾಗ, ಅಜ್ಜ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ ಎಂದುಕೊಂಡೆ. 2017ರಲ್ಲಿ ಲಂಡನ್ನಿನ ಬಸ್ಸುಗಳ ಡೀಸೆಲಿಗೆ ಕಾಫಿ ಚರಟದಿಂದ ತೆಗೆದ ಎಣ್ಣೆ ಬೆರೆಸಿದರು. ಅದನ್ನು ಮಾಡಿದ ಕಂಪನಿ 2023ರಲ್ಲಿ ಬಾಗಿಲು ಹಾಕಿತು. ನಮ್ಮ ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಸೇರಿದೆ. ಆದರೆ ಈಗ ಅದು ಕಾಕಂಬಿಯೊಂದರಿಂದ ಬರುತ್ತಿಲ್ಲ. ಕಬ್ಬಿನ ಹಾಲು, ಮುಸುಕಿನ ಜೋಳ, ಆಹಾರ ನಿಗಮದ ಉಗ್ರಾಣದ ಅಕ್ಕಿ ಕೂಡ ಭಟ್ಟಿಗೆ ಹೋಗುತ್ತಿದೆ. ಇದ್ದಲು ಬಸ್ಸು ಓಡುತ್ತಿದ್ದ 1943ರಲ್ಲಿಯೇ ಬಂಗಾಳದಲ್ಲಿ ಲಕ್ಷ ಲಕ್ಷ ಜನ ಅಕ್ಕಿಯಿಲ್ಲದೆ ಸತ್ತರು. ಅಂದಿನ ಸ್ಥಿತಿ ಇಂದಿಲ್ಲ ನಿಜ. ಆದರೂ ಅಕ್ಕಿ ಉಂಡು ಬೆಳೆದ ನಾಡಿನವನಾದ ನನಗೆ ಅಕ್ಕಿಯನ್ನು ಎಂಜಿನ್ನಿಗೆ ಸುರಿಯುವ ವಿಚಾರ ಗಂಟಲಿನಲ್ಲಿ ಇಳಿಯುವುದಿಲ್ಲ.

ಕೊಡಗಿಗೆ ಬೇರೊಂದು ದಾರಿಯಿದೆ ಎಂದು ನನ್ನ ಎಣಿಕೆ. ಕೊಯ್ಲಿನ ತಿಂಗಳುಗಳಲ್ಲಿ ಹಣ್ಣು ಕಾಫಿಯನ್ನು ಪಲ್ಪರಿಗೆ ಹಾಕಿದಾಗ ತೂಕದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ತಿರುಳುಸಿಪ್ಪೆಯಾಗಿ ಬೇರೆಯಾಗುತ್ತದೆ. ಅದನ್ನು ತೊಳೆದ ಕಂದು ನೀರು ತೋಡಿಗೆ ಸೇರಿದರೆ ಏನಾಗುತ್ತದೆಂದು ತೋಡಿನ ಕೆಳಗಿನವರನ್ನು ಕೇಳಬೇಕು. ಆ ನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಸಗಣಿ ಗ್ಯಾಸಿನಂಥದೇ ಉರಿಯುವ ಅನಿಲ ಸಿಗುತ್ತದೆ. ಇದಕ್ಕಾಗಿ ಮರ ಕಡಿಯಬೇಕಾಗಿಲ್ಲ, ಅನ್ನ ಕದಿಯಬೇಕಾಗಿಲ್ಲ. ಸುಗ್ಗಿ ಎರಡು ಮೂರು ತಿಂಗಳಿನದು, ತೊಟ್ಟಿಗೆ ಹಣ ಬೇಕು, ಸಣ್ಣ ಬೆಳೆಗಾರನಿಗೆ ಅದು ಭಾರ. ಇವೆಲ್ಲ ಇದ್ದದ್ದೇ. ಕನ್ನಡ ಮೇಷ್ಟರು ಇದಕ್ಕಿಂತ ಮುಂದೆ ಹೋದರೆ ಅಧಿಕಪ್ರಸಂಗವಾದೀತು.

ಸಮಾಸದ ತರಗತಿಯ ಹುಡುಗ ಕಳೆದ ಭಾನುವಾರ ಮನೆಗೆ ಬಂದಿದ್ದ. ಹಿಡಿಕೆಯನ್ನು ತೋರಿಸಿದೆ. ಎರಡು ಕೈಯಲ್ಲಿ ತೂಗಿ, ಗಾಳಿಯಲ್ಲಿ ತಿರುಗಿಸಿ, ಮರದ ಹಿಡಿಯನ್ನು ಮೂಸಿಯೂ ನೋಡಿದ. ಸುಟ್ಟ ಕಲೆಯ ನಡುವೆ ಬೆರಳುಗಳು ಕೂತು ಸವೆದ ತಗ್ಗುಗಳಿವೆ. “ಸಾರ್, ಇದು ಯಾವ ಮರ?” ಎಂದ. ಹಿಂದೊಮ್ಮೆ ಬಾಗಿಲು ರಿಪೇರಿಗೆ ಬಂದ ಆಚಾರಿ ಅದನ್ನು ಉಗುರಿನಿಂದ ಗೀರಿ ನೋಡಿ ಹೇಳಿದ್ದ. ನಾನೂ ಹೇಳಿದೆ: ದಿಂಡಿಗ. ಹುಡುಗ ತಗ್ಗುಗಳಲ್ಲಿ ತನ್ನ ಬೆರಳುಗಳನ್ನು ಇಟ್ಟು ನೋಡಿದ. ಅಜ್ಜನ ಕೈ ಅವನ ಕೈಗಿಂತ ಚಿಕ್ಕದಿತ್ತು.